ಗುರುದೇವಿ ಆರಿಸಿದ ಪೆಟ್ಟಿಗೆ

ವೈಜನಾಥ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆಯುವುದನ್ನು ಕೇಳಿ ನೀವು ಅವನನ್ನು ಸುಳ್ಳುಗಾರ ಅಂದುಕೊಂಡೀರಿ. ಇಡೀ ಕತೆಯಲ್ಲಿ ಅವನ ಬಾಯಿಂದ ಒಂದೂ ಸುಳ್ಳು ಹೊರಡುವುದಿಲ್ಲ. ಗುರುದೇವಿ ಎಂಬ ಹೆಂಗಸಿನ ಅನ್ನ ಹೋದದ್ದು ಅವನು ಆಡಿದ ಒಂದು ನಿಜದ ಮಾತಿನಿಂದ.

ತಾಳಿಕೋಟೆಯವನು ಅವನು. ಹತ್ತೊಂಬತ್ತರ ವಯಸ್ಸಿಗೆ ಹೈದರಾಬಾದಿಗೆ ಬಂದ. ಊರಿನವನೇ ಆದ ಸಂಗಣ್ಣ ಇಲ್ಲಿ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದ. ಅವನ ಹಿಂದೆ ಏಣಿ ಹೊತ್ತು ತಿರುಗುತ್ತ ವೈಜನಾಥ ತಂತಿ ಜೋಡಿಸುವುದನ್ನು ಕಲಿತ. ಮುಂದೆ ತಂತಿಯ ಕಾಲ ಹೋಗಿ ಕಂಪ್ಯೂಟರಿನ ಕಾಲ ಬಂದಾಗ ಆಫೀಸು ಆಫೀಸಿಗೆ ಕೇಬಲ್ ಎಳೆದ, ಕೇಬಲ್ಲಿನ ತುದಿಗೆ ಕೂತ ಪೆಟ್ಟಿಗೆಗಳ ಭಾಷೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಈಗ ಐವತ್ತಮೂರು. ಮೆಹದಿಪಟ್ಟಣಂನಲ್ಲಿ ಎರಡು ಕೋಣೆಯ ಮನೆ. ಹೆಂಡತಿ ಅಹಲ್ಯಾ ಮಣಿಕೊಂಡದಲ್ಲಿ ಕಂಪ್ಯೂಟರ್ ಕೆಲಸಕ್ಕೆ ಬಂದಿರುವ ಬೆಂಗಳೂರು ಹುಡುಗರಿಗೆ ಜೋಳದ ರೊಟ್ಟಿ ಬಡಿದು ಕಳಿಸುತ್ತಾಳೆ. ಅವನು ರಕ್ತಪರೀಕ್ಷೆಯ ಒಂದು ಲ್ಯಾಬಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು. ಖಾಯಂ ನೌಕರಿಯಲ್ಲ, ವರ್ಷಕ್ಕೊಮ್ಮೆ, ದಸರಾ ಕಳೆದ ಮೇಲೆ, ಕಾಗದಕ್ಕೆ ಹೊಸದಾಗಿ ಸಹಿ ಬೀಳಬೇಕು.

ಲ್ಯಾಬಿನ ಒಂದು ಶಾಖೆ ಬೇಗಂ ಬಜಾರಿನಲ್ಲಿ. ಬೆಳಗಿನ ಏಳಕ್ಕೇ ಅಂಗಡಿಯವರು, ಹಮಾಲರು ತೋಳು ಮಡಚಿ ಕೂತಿರುತ್ತಾರೆ. ರಕ್ತ ಪರೀಕ್ಷೆಯಾಗುವುದು ಅಲ್ಲಿ, ಡಾಕ್ಟರು ನೋಡಿ ಸಹಿ ಹಾಕುವುದು ಮಣಿಕೊಂಡದ ದೊಡ್ಡ ಆಫೀಸಿನಲ್ಲಿ. ಎರಡೂ ಕಡೆ ಒಂದೊಂದು ಸ್ವಿಚ್. ಸ್ವಿಚ್ ಅಂದರೆ ಗೋಡೆಯ ಮೇಲೆ ಒತ್ತುವ ಗುಂಡಿಯಲ್ಲ. ಚಪ್ಪಟೆಯ ಕಬ್ಬಿಣದ ಪೆಟ್ಟಿಗೆ, ಮುಂದೆ ಸಾಲಾಗಿ ತೂತುಗಳು, ಪಿಳಿಪಿಳಿ ಹಸಿರು ದೀಪ. ನಾವು ಪೆಟ್ಟಿಗೆ ಅಂತಲೇ ಕರೆಯೋಣ, ವೈಜನಾಥನೂ ಹಾಗೇ ಕರೆಯುತ್ತಿದ್ದ.

ಪೆಟ್ಟಿಗೆಯ ಹೊಟ್ಟೆಯಲ್ಲಿ ಒಂದು ದಾರಿಪಟ್ಟಿ ಇರುತ್ತದೆ. ಈ ವಿಳಾಸಕ್ಕೆ ಹೋಗುವವರು ಈ ಬಾಗಿಲಿಂದ, ಆ ವಿಳಾಸದವರು ಆ ಬಾಗಿಲಿಂದ ಎಂದು ಅದರಲ್ಲಿ ಬರೆದಿರುತ್ತದೆ. ಈ ವರ್ಷ ಮೇಲಿನಿಂದ ಹುಕುಂ ಬಂತು: ರೋಗಿಗಳ ಮಾಹಿತಿ ಹೋಗುವ ದಾರಿಗೂ ಹೊರಗಿನ ಇಂಟರ್‌ನೆಟ್ಟಿನ ದಾರಿಗೂ ಸಂಬಂಧವೇ ಇರಬಾರದು, ಎರಡಕ್ಕೂ ಬೇರೆ ಬೇರೆ ಪಟ್ಟಿ ಮಾಡಬೇಕು. ವೈಜನಾಥ ಒಂದನ್ನು ಮನೆಪಟ್ಟಿ ಅಂದ, ಇನ್ನೊಂದನ್ನು ಬೀದಿಪಟ್ಟಿ ಅಂದ. ಒಂದೇ ಪೆಟ್ಟಿಗೆಯಲ್ಲಿದ್ದರೂ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ. ಜಗಳಾಡಿ ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಅಣ್ಣತಮ್ಮಂದಿರು ಇರುತ್ತಾರಲ್ಲ, ಹಾಗೆ.

ಬೇಗಂ ಬಜಾರಿನ ಮನೆಗೂ ಮಣಿಕೊಂಡದ ಮನೆಗೂ ನಡುವೆ ಟನಲ್, ಅಂದರೆ ಸುರಂಗ. ಅದರ ಎರಡೂ ಬಾಯಿ ಮನೆಯೊಳಗೆ, ಮೈಯೆಲ್ಲ ಬೀದಿಯ ಕೆಳಗೆ. ಆದ್ದರಿಂದ ಅದಕ್ಕೆ ಒಂದು ಮಾತನ್ನು ಬಿಡಿಸಿ ಹೇಳಬೇಕು: ಆಚೆಯ ತುದಿ ಎಲ್ಲಿದೆ ಎಂದು ಮನೆಪಟ್ಟಿಯಲ್ಲಿ ಹುಡುಕಬೇಡ, ಬೀದಿಪಟ್ಟಿಯಲ್ಲಿ ಹುಡುಕು. ಹೇಳದಿದ್ದರೆ ಅದು ಮನೆಯೊಳಗೇ ತಡಕಾಡಿ, ಸಿಕ್ಕಿದ ಗೋಡೆಗೆ ಕಾಗದ ಎಸೆದು, ತಲುಪಿಸಿದೆ ಎಂದುಕೊಂಡು ಸುಮ್ಮನಾಗುತ್ತದೆ.

ಈ ಕೆಲಸಕ್ಕೆ ವೈಜನಾಥ ಆರಿಸಿಕೊಂಡದ್ದು ಗಣಪತಿ ಕಳಿಸುವ ದಿನ. ಅಂದು ಬೇಗಂ ಬಜಾರೆಲ್ಲ ಬಂದ್, ಲ್ಯಾಬಿಗೂ ರಜೆ. ಹೊರಗೆ ಮೆರವಣಿಗೆಯ ಡೋಲು, ಒಳಗೆ ಇವನೊಬ್ಬ. ಎಂಟು ಸಾಲು ಆಜ್ಞೆ ಕೊಟ್ಟ. ಪಟ್ಟಿ ಬೇರೆ ಮಾಡುವ ಇಂಥ ಆಜ್ಞೆಗಳು ಮಾತ್ರ ಜಾರಿಗೆ ಬರಬೇಕಾದರೆ ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹಚ್ಚಬೇಕು. ಈ ಪೆಟ್ಟಿಗೆಗಳ ಗುಣವೊಂದಿದೆ: ಬೇರೆ ಮಾತುಗಳನ್ನು ಹೇಳಿದ ಕ್ಷಣವೇ ಪಾಲಿಸುತ್ತವೆ, ಆದರೆ ಯಾವುದನ್ನೂ ತಾವಾಗಿ ನೆನಪಿಟ್ಟುಕೊಳ್ಳುವುದಿಲ್ಲ. ನೆನಪಿರಬೇಕಾದರೆ ‘ಬರೆದಿಡು’ ಎಂದು ಬೇರೆ ಆಜ್ಞೆ ಕೊಡಬೇಕು. ಬರೆದಿಡದೆ ಆರಿಸಿದರೆ ಮರೆತೇಹೋಗುತ್ತವೆ. ಹಾಗಾಗಿ ಆ ಎಂಟನ್ನೂ ಬರೆದಿಟ್ಟು ಆರಿಸಿ ಹಚ್ಚಿದ. ಟನಲ್ ನಡೆಯಲಿಲ್ಲ. ಆಗ ನೆನಪಾಗಿ ಒಂಬತ್ತನೆಯ ಸಾಲು ಕೊಟ್ಟ, ಆ ಬೀದಿಪಟ್ಟಿಯಲ್ಲಿ ಹುಡುಕೆಂಬ ಸಾಲು. ನಡೆಯಿತು. ಮಣಿಕೊಂಡಕ್ಕೆ ಹೋಗಿ ಅಲ್ಲೂ ಹಾಗೇ ಮಾಡಿದ.

ಆ ಒಂಬತ್ತನೆಯ ಸಾಲನ್ನು ಮಾತ್ರ ಬರೆದಿಡಲಿಲ್ಲ. ಮರೆತಿದ್ದಲ್ಲ. ಸಂಗಣ್ಣನಿಂದ ಕಲಿತ ಪದ್ಧತಿ: ಹೊಸದಾಗಿ ಮಾಡಿದ್ದನ್ನು ಹನ್ನೆರಡು ದಿನ ನೋಡಬೇಕು, ಆಮೇಲೆ ಬರೆದಿಡಬೇಕು. ಅಷ್ಟರಲ್ಲಿ ಏನಾದರೂ ಎಡವಟ್ಟಾದರೆ ಪೆಟ್ಟಿಗೆ ಆರಿಸಿ ಹಚ್ಚಿದರೆ ಸಾಕು, ಹಳೆಯದಕ್ಕೆ ಮರಳುತ್ತದೆ. ಮೂವತ್ತು ವರ್ಷ ಈ ಪದ್ಧತಿ ಅವನನ್ನು ಕಾಯ್ದಿತ್ತು. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದೂ ಹನ್ನೆರಡನೆಯ ದಿನವೇ ಅಲ್ಲವೇ, ಅಹಲ್ಯಾ ಅದಕ್ಕೇ ಚೇಷ್ಟೆ ಮಾಡುತ್ತಿದ್ದಳು.

“ಏನ್ರಿ, ನಿಮ್ಮ ಪೆಟ್ಟಿಗೀನ ಇನ್ನೂ ತೊಟ್ಲಾಗ ಹಾಕಿಲ್ಲೇನು? ಹಾಕೂ ದಿನ ಹೇಳ್ರಿ, ಕುಂಚಗಿ ಹೊಲದು ಕೊಡ್ತೀನಿ.”

ಹನ್ನೆರಡನೆಯ ದಿನ ಪಿತೃಪಕ್ಷದಲ್ಲಿ ಬಿತ್ತು. ಪಕ್ಷದಲ್ಲಿ ಕೂಸಿಗೆ ಹೆಸರಿಡುತ್ತಾರೆಯೇ? ನವರಾತ್ರಿ ಕೂರಲಿ, ಘಟಸ್ಥಾಪನೆಯ ದಿನ ಬರೆದಿಟ್ಟರಾಯಿತು ಎಂದುಕೊಂಡ. ಘಟಸ್ಥಾಪನೆ ಬಂತು, ಹೋಯಿತು. ಕೆಟ್ಟದ್ದರ ನೆನಪು ಕೆಲಸದವನಿಗೆ ತಾನಾಗಿ ಬರುತ್ತದೆ, ನಡೆಯುತ್ತಿರುವುದರ ನೆನಪು ಯಾರಿಗೆ ಬರುತ್ತದೆ? ಬನ್ನಿ ಕೊಡುವುದಕ್ಕೆಂದು ಗಂಡಹೆಂಡತಿ ತಾಳಿಕೋಟೆಯ ಬಸ್ಸು ಹತ್ತಿದರು.

ಇನ್ನು ಗುರುದೇವಿ. ಬೇಗಂ ಬಜಾರಿನ ಶಾಖೆಯಲ್ಲಿ ಕಸ ಹೊಡೆದು ನೆಲ ಒರೆಸುವವಳು, ಒಂದು ಏಜೆನ್ಸಿಯ ಮೂಲಕ ಬಂದವಳು. ಹುಣಸಗಿಯ ಕಡೆಯ ಹೆಣ್ಣುಮಗಳು, ಗಂಡನಿಲ್ಲ, ಲಂಗರ್ ಹೌಸಿನಲ್ಲಿ ಒಂದು ಕೋಣೆ. ಊರಿಗೆ ಊರು ಹತ್ತಿರವೆಂದು ವೈಜನಾಥನನ್ನು ಅಣ್ಣಾರು ಅನ್ನುತ್ತಿದ್ದಳು. ಪ್ರತಿ ವರ್ಷ ಆಯುಧಪೂಜೆಗೆ ಅವನು ಬಂದು ಪೆಟ್ಟಿಗೆಗೆ ಎರಡು ಹೂ ಏರಿಸುತ್ತಿದ್ದ, ಅವಳು ಆರತಿ ಹಿಡಿಯುತ್ತಿದ್ದಳು. ಈ ಸಲ ಅವನು ಊರಲ್ಲಿ. ಬೆಳಿಗ್ಗೆ ಫೋನು ಬಂತು.

“ಅಣ್ಣಾರ, ಇವತ್ತ ಖಂಡೇಪೂಜಿ. ನಿಮ್ಮ ಪೆಟ್ಟಿಗೀಗಿ ಪೂಜಿ ಮಾಡ್ಲೋ, ಹಂಗ ಬಿಡ್ಲೋ?”

“ಮಾಡವ್ವ ತಂಗಿ, ಬಿಡಬ್ಯಾಡ. ಖರೆ ಮೊದಲ ಗ್ವಾಡಿ ಮ್ಯಾಲಿನ ಬಟನ್ ಆರಿಸು. ಚಾಲೂ ಇದ್ದಾಗ ಒದ್ದಿ ಅರಿವಿ ಹಚ್ಚಿದ್ರ ಕರೆಂಟ್ ಹೊಡೀತೈತಿ ನಿನಗ. ಒಂದ್ ತಾಸು ಅದೂ ಆರಾಮ ಮಾಡ್ಲಿ, ಆಮ್ಯಾಲ ಹಚ್ಚು.”

“ಹಚ್ಚತೀನ್ರಿ. ಕುಂಕುಮ ಎಲ್ಲಿ ಇಡ್ಲಿ, ಅದಕ್ಕ ಹಣಿ ಯಾವ್ದು?”

“ದೀಪ ಇರೂ ಕಡೆ ಹಣಿ ಅಂತ ತಿಳಕೋ.”

ಇಬ್ಬರೂ ನಕ್ಕರು. ಗುರುದೇವಿ ಪೆಟ್ಟಿಗೆ ಆರಿಸಿದಳು, ಒರೆಸಿದಳು, ಕುಂಕುಮ ಹಚ್ಚಿ ಚೆಂಡುಹೂ ಇಟ್ಟಳು, ಒಂದು ತಾಸು ಬಿಟ್ಟು ಹಚ್ಚಿದಳು. ದೀಪಗಳು ಹಸಿರಾದವು. ಎಂಟು ಸಾಲು ನೆನಪಿನಲ್ಲಿದ್ದವು, ಒಂಬತ್ತನೆಯದು ಇರಲಿಲ್ಲ.

ಎರಡು ದಿನ ಲ್ಯಾಬಿಗೆ ರಜೆ. ಮೂರನೆಯ ದಿನ ಬಾಗಿಲು ತೆರೆದರೆ ಬೇಗಂ ಬಜಾರಿನ ಒಂದು ವರದಿಯೂ ಮಣಿಕೊಂಡಕ್ಕೆ ಮುಟ್ಟಲಿಲ್ಲ. ಶನಿವಾರ ಊರಿಂದ ಬಂದಿಳಿದ ವೈಜನಾಥ ಚೀಲವನ್ನು ಮನೆಯಲ್ಲಿಟ್ಟು ನೇರ ಮಣಿಕೊಂಡಕ್ಕೆ ಹೋದ. ಶಾಖೆಗಳನ್ನೆಲ್ಲ ನೋಡಿಕೊಳ್ಳುವ ಮ್ಯಾನೇಜರು ಅಮಿತ, ಮೈಸೂರಿನ ಕಡೆಯವನು, ಮೂವತ್ತೈದರೊಳಗಿನವನು, ಎಲ್ಲರಿಗೂ ಸರ್ ಅನ್ನುವ ಸಭ್ಯ ಮನುಷ್ಯ. ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಪೆಟ್ಟಿಗೆಯ ಹಣೆಯ ಮೇಲೆ ಕುಂಕುಮ, ನೆತ್ತಿಯ ಮೇಲೆ ಬಾಡಿದ ಚೆಂಡುಹೂ.

“ನೋಡಿ ವೈಜನಾಥ್ ಸರ್, ಇದು ಲ್ಯಾಬೋ ಗುಡಿನೋ? ಒದ್ದೆ ಬಟ್ಟೇಲಿ ಒರೆಸಿದ್ದಾಳಂತೆ. ನೀರು ಇಳಿದು ಸುಟ್ಟಿದೆ ಅಂತ ಒಂದು ರಿಪೋರ್ಟ್ ಬರ್ಕೊಡಿ. ಏಜೆನ್ಸಿಗೆ ಕಳಿಸ್ತೀನಿ. ಅವಳನ್ನ ತೆಗೆದು ಬೇರೆಯವರನ್ನ ಹಾಕ್ತಾರೆ, ಮುಗೀತು.”

“ನೋಡದ ಹ್ಯಾಂಗ ಬರೀಲ್ರಿ ಸರ್?”

“ನೋಡಿ. ಆದ್ರೆ ಮಂಗಳವಾರ ನಾನು ಮೇಲಿನವರಿಗೆ ಏನಾದ್ರೂ ಒಂದು ಹೇಳಲೇಬೇಕು. ಯಾರದೋ ಒಬ್ಬರ ಹೆಸರು ಬೇಕು ಅವರಿಗೆ.”

ಪೂಜೆ ಮಾಡು ಅಂದವನು ನಾನೇ, ಆರಿಸು ಅಂದವನೂ ನಾನೇ ಎಂದು ಹೇಳಲು ವೈಜನಾಥ ಬಾಯಿ ತೆರೆದ. ಮೇಜಿನ ಮೇಲೆ ಹೊಸ ವರ್ಷದ ಕರಾರಿನ ಕಾಗದಗಳ ಕಟ್ಟು ಸಹಿಗೆ ಕಾಯುತ್ತಿತ್ತು. ತೆರೆದ ಬಾಯಿ ಮುಚ್ಚಿಕೊಂಡಿತು. ಪೆಟ್ಟಿಗೆ ಸುಟ್ಟಿಲ್ಲವೆಂದು ತೋರಿಸಿಬಿಟ್ಟರೆ ಸಾಕಲ್ಲ, ಆಗ ಗುರುದೇವಿಯ ಹೆಸರೂ ಬೇಡ, ನನ್ನದೂ ಬೇಡ ಎಂದು ತನಗೆ ತಾನೇ ಹೇಳಿಕೊಂಡು ಮೆಟ್ಟಿಲಿಳಿದ.

ಬೇಗಂ ಬಜಾರಿಗೆ ಬಂದ. ಸ್ಟೀಲಿನ ಕೊಡಗಳ ಸಾಲು, ಮೆಣಸಿನಕಾಯಿಯ ಘಾಟು, ತಳ್ಳುಬಂಡಿಗಳ ಸಂದಿನಲ್ಲಿ ನುಸುಳಿ ಮೇಲೆ ಹತ್ತಿದ. ಕಾಯುತ್ತಿದ್ದ ರೋಗಿಗಳು ವರದಿ ಎಲ್ಲಿ ಎಂದು ಗುರುದೇವಿಯ ಮೇಲೆಯೇ ಹರಿಹಾಯುತ್ತಿದ್ದರು, ಕಣ್ಣಿಗೆ ಬಿದ್ದವಳು ಅವಳೊಬ್ಬಳೇ ಆದ್ದರಿಂದ. ಅವನನ್ನು ಕಂಡು ಕಸಬರಿಗೆ ಹಿಡಿದುಕೊಂಡೇ ಹಿಂದೆ ಬಂದಳು.

“ಸುಟ್ಟೈತೇನ್ರಿ ಅಣ್ಣಾ?”

ಅವನು ಮುಚ್ಚಳ ತೆಗೆದು ನೋಡಿದ, ಮೂಸಿ ನೋಡಿದ. “ಇಲ್ಲವ್ವ. ಗಟ್ಟಿಮುಟ್ಟ ಐತಿ. ಒಂದ್ ಹನಿ ನೀರ ಇಳದಿಲ್ಲ.”

“ನಾ ಹಿಂಡಿ ಹಿಂಡಿ ಒರಸೀನ್ರಿ. ಬಸವಣ್ಣ ಕಾಯ್ದ. ಹಂಗಾರ ನನ್ನ ತಗ್ಯಾಂಗಿಲ್ಲಲ್ರಿ?”

“ಯಾಕ ತಗೀತಾರ. ನಾ ಅದೀನಲ್ಲ. ಮಂಗಳವಾರ ಮ್ಯಾಲಿನವರಿಗೆ ಹೇಳ್ತಾರಂತ, ಅದರೊಳಗ ನೋಡ್ತೀನಿ.”

ಲ್ಯಾಪ್‌ಟಾಪು ಜೋಡಿಸಿ ಕೂತ. ಟನಲ್ ಹೇಗಿದ್ದೀ ಎಂದು ಕೇಳಿದರೆ ಚೆನ್ನಾಗಿದ್ದೇನೆ ಅಂದಿತು. ಕಳಿಸಿದ್ದೆಷ್ಟು ಎಂದರೆ ಲೆಕ್ಕ ಏರುತ್ತಿತ್ತು. ಬಂದದ್ದೆಷ್ಟು ಎಂದರೆ ಸೊನ್ನೆ. ಬೀದಿಪಟ್ಟಿಯ ಮೂಲಕ ಮಣಿಕೊಂಡದ ಪೆಟ್ಟಿಗೆಯನ್ನು ಕೂಗಿ ನೋಡಿದ, ಓಗೊಟ್ಟಿತು. ಬೀದಿ ತೆರೆದಿದೆ, ಎರಡೂ ಮನೆಯಲ್ಲಿ ದೀಪವಿದೆ, ನಡುವೆ ಮಾತಿಲ್ಲ. ಮರುದಿನ ಮಣಿಕೊಂಡದಲ್ಲಿ ನೋಡಿದ. ಅಲ್ಲೂ ಅದೇ, ಕಳಿಸಿದ್ದು ಸಾವಿರಾರು, ಬಂದದ್ದು ಸೊನ್ನೆ. ಇಬ್ಬರೂ ಕೂಗುತ್ತಿದ್ದಾರೆ, ಇಬ್ಬರಿಗೂ ಕೇಳುತ್ತಿಲ್ಲ.

ಇಂಟರ್‌ನೆಟ್ ಕೊಡುವ ಕಂಪನಿಯವರು ನಡುವೆ ತಡೆಹಿಡಿಯುತ್ತಿರಬೇಕು ಅನ್ನಿಸಿತು. ಆ ಭಾನುವಾರ ಉಳಿದ ಹೊತ್ತೆಲ್ಲ ಅವರ ಫೋನಿಗೆ ಕಿವಿಗೊಟ್ಟು ಕೂತ. ಒಬ್ಬ ಹಿಂದಿಯಲ್ಲಿ, ಒಬ್ಬಳು ತೆಲುಗಿನಲ್ಲಿ, ಕೊನೆಗೆ ಎಲ್ಲರೂ ಕೇಳಿದ್ದು ಒಂದೇ: ಒಮ್ಮೆ ಆಫ್ ಮಾಡಿ ಆನ್ ಮಾಡಿದಿರಾ ಸರ್? ಸೋಮವಾರ ಕೇಬಲ್ ಬದಲಿಸಿದ, ಬಾಗಿಲು ಬದಲಿಸಿದ. ಅಷ್ಟರಲ್ಲಿ ಬೇಗಂ ಬಜಾರಿನ ವರದಿಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿ ಆಟೋದಲ್ಲಿ ಮಣಿಕೊಂಡಕ್ಕೆ ಒಯ್ಯುತ್ತಿದ್ದರು. ಬೆಳಗಿನ ರಕ್ತಕ್ಕೆ ಸಂಜೆ ಉತ್ತರ ಬರುತ್ತಿತ್ತು.

ನಮ್ಮ ವೈಜನಾಥ ಆ ಒಂಬತ್ತು ಸಾಲುಗಳನ್ನು ಓದಲಿಲ್ಲವೇ ಎಂದು ನೀವು ಕೇಳುವುದು ಸರಿ. ಓದಿದ. ಮೂರು ದಿನದಲ್ಲಿ ನಾಲ್ಕು ಸಲ ಓದಿದ. ಮಣಿಕೊಂಡದ ಪೆಟ್ಟಿಗೆಯಲ್ಲಿ ಒಂಬತ್ತೂ ಇದ್ದವು, ಅದನ್ನು ಯಾರೂ ಆರಿಸಿರಲಿಲ್ಲವಲ್ಲ. ಬೇಗಂ ಬಜಾರಿನದನ್ನು ಓದುವಾಗ ಕಣ್ಣು ಪರದೆಯ ಮೇಲಿತ್ತು, ಓದಿದ್ದು ಮನಸ್ಸಿನಿಂದ. ತಾನೇ ಕೊಟ್ಟ ಸಾಲು, ತಾನೇ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿದ ಸಾಲು. ಇಲ್ಲದ ಕಡೆಯಲ್ಲೂ ಅದು ಇದ್ದಂತೆ ಕಾಣುತ್ತಿತ್ತು.

ಮಂಗಳವಾರ ಮಧ್ಯಾಹ್ನ. ಅಹಲ್ಯಾ ಕಟ್ಟಿಕೊಟ್ಟ ಬುತ್ತಿ ಬಿಚ್ಚಿರಲಿಲ್ಲ. ಗುರುದೇವಿ ಒಂದು ಕಪ್ಪು ಚಹಾ ತಂದಿಟ್ಟು ಅಲ್ಲೇ ನೆಲದ ಮೇಲೆ ಕೂತಳು.

“ಇವತ್ತ ಮಂಗಳವಾರರಿ ಅಣ್ಣಾ.”

“ಗೊತ್ತೈತವ್ವ.”

“ನನ್ನ ಕಡಿಂದ ಏನರ ಆಗೂದಿದ್ರ ಹೇಳ್ರಿ. ಕೈ ಕಟಗೊಂಡ ಕುಂಡ್ರಾಕ ಆಗವಲ್ದು.”

ಅವನಿಗೆ ಕಣ್ಣು ಉರಿಯುತ್ತಿತ್ತು. ಟಿಪ್ಪಣಿ ಪುಸ್ತಕವನ್ನು ಅವಳ ಮುಂದಿಟ್ಟ. “ಇದನ್ನ ಹಿಡಿ. ನಾ ಇಲ್ಲಿ ಒಂದ್ ಸಾಲ ಓದಿದಂಗ ನೀ ಅಲ್ಲಿ ಒಂದ್ ಸಾಲ ಬಟ್ಟು ಇಳಸ್ಕೋತ ಹೋಗು.”

“ನನಗ ಇಂಗ್ಲಿಷ್ ಎಲ್ಲಿ ಬರ್ತೈತ್ರಿ?”

“ಓದೂದು ಬ್ಯಾಡ. ಬರೇ ಇಳಸು.”

ಅವನು ಓದಿದ, ಅವಳು ಬೆರಳು ಇಳಿಸಿದಳು. ಓದಿ ಮುಗಿಸಿ ಅವನು ಚಹಾಕ್ಕೆ ಕೈ ಚಾಚಿದ.

“ಇನ್ನೊಂದ್ ಉಳದೈತ್ರಿ,” ಅಂದಳು ಗುರುದೇವಿ.

“ಇಲ್ಲ, ಮುಗೀತು. ನೀ ನಡಕ ಒಂದ್ ಬಿಟ್ಟೀದಿ.”

“ನಾ ಯಾಕ ಬಿಡ್ಲಿ? ನಿಮ್ಮ ಪುಸ್ತಕದಾಗ ಒಂಬತ್ತ ಅದಾವ. ನೀವು ಓದಿದ್ದು ಎಂಟ. ಮೂರು ದಿನ ಉಣಲಾರದ ಕುಂತ್ರ ಹಿಂಗ ಆಗೂದು. ಮತ್ತೊಮ್ಮಿ ಓದ್ರಿ, ಸಾವಕಾಶ.”

ಓದಿದ. ಈ ಸಲ ಅವನೂ ಪರದೆಯ ಮೇಲೆ ಬೆರಳಿಟ್ಟು ಓದಿದ. ಎಂಟು.

ಗಣಪತಿಯ ಡೋಲು, ಹನ್ನೆರಡು ದಿನ, ಪಿತೃಪಕ್ಷ, ಬನ್ನಿಯ ಬಸ್ಸು, ಎಲ್ಲವೂ ಒಟ್ಟಿಗೇ ನೆನಪಾದವು. ಒಂಬತ್ತನೆಯ ಸಾಲನ್ನು ಹೊಡೆದ. ಬಂದದ್ದೆಷ್ಟು ಎಂಬಲ್ಲಿ ಸೊನ್ನೆ ಹೋಗಿ ಮೂರಾಯಿತು, ಹನ್ನೊಂದಾಯಿತು, ನಲವತ್ತಾಯಿತು. ‘ಬರೆದಿಡು’ ಎಂದು ಆಜ್ಞೆ ಕೊಟ್ಟ. ಪಕ್ಕದ ಕೋಣೆಯಲ್ಲಿ ಪ್ರಿಂಟರು ಸದ್ದು ಮಾಡಿತು, ಯಾರೋ ಚಪ್ಪಾಳೆ ತಟ್ಟಿದರು.

“ಆತೇನ್ರಿ?” ಗುರುದೇವಿಯ ಮುಖ ಅರಳಿತು. ಆಮೇಲೆ ಯೋಚನೆ ಬಂದು ಕೇಳಿದಳು, “ಮತ್ತ ಆ ಸಾಲ ಎಲ್ಲಿ ಹೋಗಿತ್ರಿ?”

ಅವನು ಲ್ಯಾಪ್‌ಟಾಪಿನ ತಂತಿ ಬಿಚ್ಚತೊಡಗಿದ.

“ನಾ ಆರಿಸಿದಾಗ ಹೋತೇನು?”

“ಹೂಂ.”

ಇನ್ನೂ ಹೇಳುವುದಿತ್ತು. ಹೇಳುತ್ತಿದ್ದನೋ ಏನೋ. ಫೋನು ಹೊಡೆದುಕೊಂಡಿತು. ಅಮಿತ.

“ಬಂತು ಸರ್! ಸೂಪರ್! ಏನಾಗಿತ್ತು?”

“ಒಂದ್ ಸಾಲ ಹೋಗಿತ್ರಿ.”

“ಹೋಗೋದು ಅಂದ್ರೆ? ಅದಾಗೇ ಹೇಗೆ ಹೋಗುತ್ತೆ?”

“ಪೆಟ್ಟಿಗಿ ಆರಿಸಿದ್ರಲ್ರಿ ಪೂಜಿಗೆ. ಆರಿಸಿದಾಗ ಹೋತು.”

“ಆಫ್ ಮಾಡದೇ ಇದ್ದಿದ್ರೆ ಹೋಗ್ತಿರಲಿಲ್ಲ, ಅಲ್ವಾ?”

“ಹೋಗ್ತಿರಲಿಲ್ರಿ.”

“ಅಷ್ಟೇ ಬೇಕಾಗಿದ್ದು ಸರ್. ಥ್ಯಾಂಕ್ಸ್.”

ಫೋನು ಕಟ್ಟಾಯಿತು. ಒಂದೊಂದು ಅಕ್ಷರವೂ ನಿಜ. ಆರಿಸಲು ಹೇಳಿದವನು ನಾನು, ಬರೆದಿಡದೆ ಬಿಟ್ಟವನೂ ನಾನು ಅನ್ನುವ ಇನ್ನೆರಡು ಮಾತು ಹೇಳದೇ ಉಳಿದವು. ಫೋನು ಅವನ ಕೈಯಲ್ಲೇ ಇತ್ತು, ತಿರುಗಿ ಹಚ್ಚಬಹುದಾಗಿತ್ತು. ಗುರುದೇವಿ ಅವನ ಪಾಲಿನ ಮಾತುಗಳನ್ನು ಕೇಳಿಸಿಕೊಂಡಿದ್ದಳು. ಎದ್ದು ಕಸಬರಿಗೆ ತೆಗೆದುಕೊಂಡಳು.

“ಇರ್ಲಿ ಬಿಡ್ರಿ ಅಣ್ಣಾ. ನೀವರ ಸುಳ್ಳ ಹ್ಯಾಂಗ ಹೇಳ್ತೀರಿ.”

ಬುಧವಾರ ಅವನು ಮಣಿಕೊಂಡದಲ್ಲಿದ್ದ. ಅಲ್ಲಿಯ ಪೆಟ್ಟಿಗೆಯಲ್ಲೂ ಆ ಸಾಲು ಬರೆದಿಡದೆ ನಿಂತಿತ್ತು. ಯಾರೂ ನೋಡದ ಹೊತ್ತು ನೋಡಿ ಬರೆದಿಟ್ಟ. ಅದು ಯಾವ ನಿಯಮಕ್ಕೂ ವಿರುದ್ಧವಲ್ಲ, ಆದರೂ ಮುಗಿಸಿ ಬಾಗಿಲ ಕಡೆ ತಿರುಗಿ ನೋಡಿದ. ಗುರುವಾರ ಬೇಗಂ ಬಜಾರಿಗೆ ಹೋದರೆ ನೆಲ ಒರೆಸುತ್ತಿದ್ದವಳು ಬೇರೆ ಹೆಂಗಸು.

“ಗುರುದೇವಿ ಎಕ್ಕಡ?” ಎಂದು ತೆಲುಗಿನಲ್ಲಿ ಕೇಳಿದ.

“ಆಮೆ ಇಕ ರಾದು ಸಾರ್,” ಅಂದಳು ಅವಳು, ಇನ್ನು ಬರುವುದಿಲ್ಲವೆಂದು, ಕೆಲಸ ನಿಲ್ಲಿಸದೆ. “ನಿನ್ನಟಿನುಂಚಿ ನೇನೇ.”

ನಿನ್ನೆಯಿಂದಲೇ. ಅವನು ಪೆಟ್ಟಿಗೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತ. ಯಾರೋ ಪೆಟ್ಟಿಗೆಯನ್ನು ಉಜ್ಜಿ ಉಜ್ಜಿ ಕುಂಕುಮ ತೆಗೆದಿದ್ದರು.

ಆ ಸಂಜೆ ಮನೆಯಲ್ಲಿ ಒಂದು ಪುಟ ಬರೆದ. ಏನಾಯಿತು, ಯಾರು ಏನು ಹೇಳಿದರು, ಯಾರು ಏನು ಮಾಡದೆ ಬಿಟ್ಟರು, ಎಲ್ಲವನ್ನೂ ಬರೆದು ಅಹಲ್ಯಾಳಿಗೆ ಓದಿ ಹೇಳಿದ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

“ಇದನ್ನ ಮಂಗಳವಾರನ ಯಾಕ ಹೇಳ್ಲಿಲ್ಲರಿ?”

“ಗೊತ್ತಿಲ್ಲ.”

ಅವಳು ಚೇಷ್ಟೆ ಮಾಡಲಿಲ್ಲ. ತಟ್ಟಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಶುಕ್ರವಾರ ಆ ಪುಟವನ್ನು ಅಮಿತನ ಮುಂದಿಟ್ಟ. ಅಮಿತ ಎರಡು ಸಲ ಓದಿದ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ.

“ಸರ್, ಕೂತ್ಕೊಳ್ಳಿ. ನೀವು ದೊಡ್ಡವರು, ನಿಮ್ಮ ಮನಸ್ಸು ನನಗೆ ಅರ್ಥ ಆಗುತ್ತೆ. ಆದ್ರೆ ನಾನು ಮೇಲಕ್ಕೆ ಬರೆದು ಆಗಿದೆ. ಅವರು ಓಕೆ ಅಂದೂ ಆಗಿದೆ. ಈಗ ಇದನ್ನ ಕಳಿಸಿದ್ರೆ ಏನಾಗುತ್ತೆ ಹೇಳಿ? ಮೊದಲು ವಿಚಾರಿಸದೇ ಯಾಕೆ ಬರೆದೆ ಅಂತ ನನ್ನನ್ನ ಕೇಳ್ತಾರೆ. ನಿಮ್ಮ ಕರಾರು ಅಲ್ಲಿಗೇ ನಿಲ್ಲುತ್ತೆ.”

“ಆಕಿನ್ನ ತಿರುಗಿ ತಗೋತಾರೇನ್ರಿ?”

“ಏಜೆನ್ಸಿಯವರಾ? ಒಮ್ಮೆ ಕಂಪ್ಲೇಂಟ್ ಬಂದವರನ್ನ ಅವರು ಎಲ್ಲಿಗೂ ಕಳಿಸಲ್ಲ ಸರ್. ಪಟ್ಟಿಯಿಂದಲೇ ತೆಗೀತಾರೆ. ನೀವು ಹೋದ್ರೂ ಆಕೆ ಬರಲ್ಲ. ಯೋಚ್ನೆ ಮಾಡಿ ಹೇಳಿ, ಕಳಿಸ್ಲಾ?”

ಪುಟ ಮೇಜಿನ ಮೇಲೆ, ಇಬ್ಬರ ನಡುವೆ ಇತ್ತು. ಕಿಟಕಿಯ ಹೊರಗೆ ಮಣಿಕೊಂಡದ ಗಾಜಿನ ಕಟ್ಟಡಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಐವತ್ತಮೂರು ವರ್ಷದವನಿಗೆ, ಪದವಿಯ ಕಾಗದವಿಲ್ಲದವನಿಗೆ, ಅಲ್ಲಿ ಯಾವ ಬಾಗಿಲು ತೆರೆದೀತು?

“ಬ್ಯಾಡ್ರಿ,” ಅಂದ ವೈಜನಾಥ.

ಅಮಿತ ಪುಟವನ್ನು ಮಡಚಿ ಅವನ ಕೈಗೇ ಕೊಟ್ಟ.

ಭಾನುವಾರ ಲಂಗರ್ ಹೌಸಿಗೆ ಹೋದ. ಕಾಲು ಎಳೆದುಕೊಂಡು ಹೋದ ಅನ್ನಬೇಕು. ಎರಡನೆಯ ಮಹಡಿಯಲ್ಲಿ, ನೀರಿನ ಟಾಕಿಯ ಪಕ್ಕದ ಕೋಣೆ. ಗುರುದೇವಿ ಪಕ್ಕದ ಮನೆಯವಳ ಜೊತೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಅವನನ್ನು ಕಂಡು ಸೆರಗು ಕೊಡವಿ ಎದ್ದಳು.

“ಬರ್ರಿ ಅಣ್ಣಾರ, ಬರ್ರಿ!” ಪಕ್ಕದವಳಿಗೆ ಹೆಮ್ಮೆಯಿಂದ ತೋರಿಸಿದಳು. “ನಾ ಹೇಳಿದ್ನಲ್ಲ, ಇವರ. ನಾಕು ದಿನ ನನ ಸಲುವಾಗಿ ಉಣಲಾರದ ಓಡಾಡ್ಯಾರ. ಸುಟ್ಟಿಲ್ಲ ಅಂತ ತೋರಿಸೇ ಬಿಟ್ರು. ಏನ್ ಮಾಡೂದು, ನನ್ನ ಹಣಿಬಾರ.”

ಪಕ್ಕದವಳು ಅವನಿಗೆ ಕೈಮುಗಿದು ಹೋದಳು. ಗುರುದೇವಿ ಸ್ಟೋವಿನ ಮೇಲೆ ಚಹಾಕ್ಕಿಟ್ಟಳು. ಬೆನ್ನು ಮಾಡಿಯೇ, ದನಿ ತಗ್ಗಿಸಿ ಹೇಳಿದಳು, “ನೀವ ಆರಿಸಂದಿದ್ದು ಯಾರ ಮುಂದೂ ಆಡಿಲ್ರಿ ನಾ. ಏಜೆನ್ಸಿಯವ ಭಾಳ ಕೇಳಿದ. ನನ್ನ ತಲೀಗಿ ತಿಳಿದಂಗ ಮಾಡೀನಿ ಅಂದೆ. ನಿಮಗ್ಯಾಕ ತ್ರಾಸು.”

ವೈಜನಾಥ ಚಾಪೆಯ ಮೇಲೆ ಕೂತವನು ಚಾಪೆಯನ್ನೇ ನೋಡುತ್ತಿದ್ದ.

“ಒಂದ್ ಉಪಕಾರ ಮಾಡ್ರಿ ಅಣ್ಣಾ,” ಚಹಾ ಕೊಟ್ಟು ಅವಳು ಅಂದಳು. “ಇಲ್ಲೇ ಒಂದ್ ಲೇಡೀಸ್ ಹಾಸ್ಟೆಲ್ ಐತಿ. ಕೆಲಸ ಕೊಡ್ತೀನಿ ಅಂತಾಳ ಅದರಾಕಿ, ಮೊದಲಿನ ಕಡೆಯವರ್ದು ಒಂದ್ ಚೀಟಿ ತಗೊಂಡ್ ಬಾ ಅಂದಾಳ. ಯಾಕ ಬಿಟ್ಟಿ ಅಂತ ಕೇಳ್ತಾಳಂತ. ನೀವು ಬರೀರಿ. ನಿಮ್ಮ ಮಾತಂದ್ರ ನಂಬ್ತಾರ.”

ಎದುರಿಗೆ ಒಂದು ಹಾಳೆ, ಪೆನ್ನು ತಂದಿಟ್ಟಳು. ಅವನು ಇಂಗ್ಲಿಷಿನಲ್ಲಿ ಬರೆದ. ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಅಷ್ಟು ಸಲ ಮನಸ್ಸಿನಲ್ಲಿ ಬರೆದಿದ್ದ.

“ಏನ್ ಬರದ್ರಿ? ಓದಿ ಹೇಳ್ರಿ, ನಾನೂ ಕೇಳ್ತೀನಿ.”

ಬೇಕಾದ್ದನ್ನು ಓದಬಹುದಿತ್ತು. ಅವಳಿಗೆ ತಿಳಿಯುತ್ತಿರಲಿಲ್ಲ. ಅವನು ಬರೆದದ್ದನ್ನೇ ಕನ್ನಡ ಮಾಡಿ ಓದಿದ: ಈ ಹೆಣ್ಣುಮಗಳ ತಪ್ಪಿಲ್ಲ. ಪೆಟ್ಟಿಗೆ ಆರಿಸಲು ಹೇಳಿದವನು ನಾನು. ಆ ಸಾಲನ್ನು ಬರೆದಿಟ್ಟಿದ್ದರೆ ನೂರು ಸಲ ಆರಿಸಿದರೂ ಅದು ಹೋಗುತ್ತಿರಲಿಲ್ಲ. ಬರೆದಿಡದೆ ಬಿಟ್ಟವನೂ ನಾನು. ಇದು ನನಗೆ ಮಂಗಳವಾರವೇ ಗೊತ್ತಿತ್ತು.

ಗುರುದೇವಿ ಅವರೆಕಾಯಿಯ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಸ್ವಲ್ಪ ಹೊತ್ತು ಬಿಡಿಸಿದಳು. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ.

“ಬರದಿಡೂದಂದ್ರ ಎಷ್ಟೊತ್ತಿನ ಕೆಲಸರಿ ಅದು?”

“ಒಂದ್ ಗಳಿಗಿ.”

“ಮತ್ತ ಅವತ್ತ ಪೋನಿನ್ಯಾಗ ಈ ಮಾತ ಹೇಳಾಕ?”

ಕೆಳಗೆ ಬೀದಿಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ. ಅವಳು ಅವನ ಕೈಯಿಂದ ಹಾಳೆ ತೆಗೆದುಕೊಂಡು, ಓದಲು ಬಾರದ ಆ ಅಕ್ಷರಗಳನ್ನು ನೋಡಿ, ನಾಲ್ಕು ಮಡಿಕೆ ಮಾಡಿ ಅವನ ಚಹಾದ ಕಪ್ಪಿನ ಪಕ್ಕ ಇಟ್ಟಳು.

“ಇದು ಬ್ಯಾಡ್ರಿ. ಇದನ್ನ ಓದಿದ್ರ ಆ ಹಾಸ್ಟೆಲ್ಲಿನಾಕಿ ಎಲ್ಲೋ ಏನೋ ಗದ್ಲ ಮಾಡ್ಕೊಂಡ ಬಂದಾಳ ಇಕಿ ಅಂತಾಳ. ಕಸ ಛಲೋ ಹೊಡೀತಾಳ, ಹೊತ್ತಿಗಿ ಸರಿಯಾಗಿ ಬರ್ತಾಳ, ಕೈ ಶುದ್ಧ ಅಂತ ಬರೀರಿ. ಅಷ್ಟ ಸಾಕು ನನಗ.”

ಇನ್ನೊಂದು ಹಾಳೆ ಕೊಟ್ಟಳು. ಅವನು ಅಷ್ಟನ್ನೇ ಬರೆದು, ಕೆಳಗೆ ಸಹಿ ಹಾಕಿ, ಫೋನ್ ನಂಬರು ಬರೆದ. ಈ ಸಲ ಅವಳು ಓದಿ ಹೇಳೆಂದು ಕೇಳಲಿಲ್ಲ. ಹಾಳೆಯನ್ನು ಅಕ್ಕಿಯ ಡಬ್ಬಿಯ ಕೆಳಗಿಟ್ಟು ಬಂದು ಬಾಗಿಲ ಹತ್ತಿರ ನಿಂತಳು.

“ಚಹಾ ಕುಡದು ಹೋಗ್ರಿ ಸಾಹೇಬ್ರ,” ಅಂದಳು. “ಆರಾಕತ್ತೈತಿ.”